ಖಾಲಿ ಸೈಟಿಗೆ ಬಣ್ಣ ಬಳಿಯೋದು ಸುಲಭ, ಖಾತೆ ಯಾರ ಹೆಸರಲ್ಲಿದೆ?

2014ರಲ್ಲಿ ಅಮೆರಿಕದ ಡೆಟ್ರಾಯ್ಟ್ ಊರಲ್ಲಿ ಒಂದು ಲೆಕ್ಕ ಹಾಕಿದ್ರು. ಜನರನ್ನ ಬೀದಿ ಬೀದಿಗೆ ಕಳ್ಸಿ, ಒಂದೊಂದು ಸೈಟಿನ ಮುಂದೆನೂ ನಿಲ್ಸಿ, ಫೋಟೋ ತೆಗ್ಸಿ, ಪಾಳು ಬಿದ್ದಿರೋ ಕಟ್ಟಡ ಎಷ್ಟು, ಹಾಳು ಸುರಿಯೋ ಖಾಲಿ ಸೈಟು ಎಷ್ಟು ಅಂತ ಎಣಿಸಿದ್ರು. ಎಲ್ಲಾ ಸೇರಿ ಬಂದ ಸಂಖ್ಯೆ 84,641. ಒಂದೇ ಊರಲ್ಲಿ! ನಮ್ಗೆ ಇದು ತಲೆಗೆ ಹತ್ತೋದೇ ಕಷ್ಟ, ಯಾಕಂದ್ರೆ ನಾವು ಥರ್ಟಿ ಫಾರ್ಟಿ ಸೈಟಿಗೆ ಜೀವಮಾನದ ದುಡಿಮೆ ಸುರಿಯೋ ಜನ, ಅಲ್ಲಿ ನೋಡಿದ್ರೆ ಟ್ಯಾಕ್ಸ್ ಬಾಕಿಗೆ ಜಪ್ತಿ ಆದ ಮನೆಗಳನ್ನ ಕೌಂಟಿಯವರು (ನಮ್ಮ ಜಿಲ್ಲಾಡಳಿತದ ಥರ) 500 ಡಾಲರಿಂದ ಹರಾಜು ಶುರು ಮಾಡಿದ್ರೂ ಎಷ್ಟೋ ಮನೆಗಳಿಗೆ ಕೂಗೋರೇ ಇರ್ಲಿಲ್ಲ.

ಇಂಥ ಊರುಗಳಲ್ಲಿ ಖಾಲಿ ಜಾಗಕ್ಕೆ ಕಲೆ ತಂದು ಜೀವ ತುಂಬೋದು ಅಂತ ಕಳೆದ ಮೂವತ್ತು ನಲವತ್ತು ವರ್ಷದಿಂದ ಒಂದು ದೊಡ್ಡ ಪ್ರಯೋಗ ನಡೀತಾ ಬಂದಿದೆ. ಗೋಡೆ ತುಂಬಾ ಮ್ಯೂರಲ್ ಅನ್ನೋ ದೊಡ್ಡ ಚಿತ್ರ, ಪಾಳು ಮನೆ ಮೇಲೆ ಚುಕ್ಕಿ, ಬೀದಿಯಲ್ಲಿ ಶಿಲ್ಪ, ಹಿಂಗೆ. ಇನ್‌ಸ್ಟಾಗ್ರಾಮಲ್ಲಿ ಬಿಫೋರ್ ಆಫ್ಟರ್ ಫೋಟೋ ನೋಡ್ದಾಗ ಆಹಾ ಅನ್ಸುತ್ತೆ, ಆದ್ರೆ ಇದು ನಿಜವಾಗ್ಲೂ ಕೆಲಸ ಮಾಡುತ್ತಾ, ಮಾಡಿದ್ರೆ ಹೆಂಗೆ, ಮಾಡ್ದೇ ಇದ್ರೆ ಎಲ್ಲಿ ಕೈ ಕೊಡುತ್ತೆ ಅನ್ನೋದು ಫೋಟೋದಲ್ಲಿ ಕಾಣಲ್ಲ. ನಂಗೆ ಅನ್ಸೋದು ಇಷ್ಟು: ಕಲೆ ಚೆನ್ನಾಗಿದ್ಯಾ ಅನ್ನೋದಕ್ಕಿಂತ ಅದರ ಕೆಳಗಿರೋ ನೆಲ ಯಾರದ್ದು, ನಾಳೆ ಅಲ್ಲಿ ಹುಲ್ಲು ಕುಯ್ಯೋರು ಯಾರು ಅನ್ನೋದೇ ಕೊನೇಗೆ ಎಲ್ಲಾನೂ ತೀರ್ಮಾನ ಮಾಡುತ್ತೆ.

ಮೊದ್ಲು ಊರು ಕುಗ್ಗೋದು ಅಂದ್ರೇನು ಅಂತ ನೋಡೋಣ. ಡೆಟ್ರಾಯ್ಟಲ್ಲಿ 1950ರಲ್ಲಿ ಹದಿನೆಂಟೂವರೆ ಲಕ್ಷ ಜನ ಇದ್ರು. 2020ರ ಸೆನ್ಸಸ್‌ನಲ್ಲಿ ಉಳಿದಿದ್ದು 6,39,111. ಕಾರ್ ಫ್ಯಾಕ್ಟರಿಗಳು ಊರಾಚೆ ಹೋದ್ವು, ಹೈವೇ ಬಂತು, ಸರ್ಕಾರದ ಗ್ಯಾರಂಟಿ ಇರೋ ಸಾಲ ಸಿಕ್ಕ ಬಿಳಿಯರು ಹೊರಗಡೆ ಹೊಸ ಬಡಾವಣೆಗಳಿಗೆ ಹೋದ್ರು, ಅದೇ ಸಾಲ ಸಿಗದ ಕಪ್ಪು ಜನ ಒಳಗೇ ಉಳಿದ್ರು, 1967ರ ಗಲಭೆ ಆಮೇಲೆ ಹೋಗೋರ ಸ್ಪೀಡ್ ಇನ್ನೂ ಜಾಸ್ತಿ ಆಯ್ತು, 2008ರ ಹೊತ್ತಿಗೆ ಮನೆ ಸಾಲದ ಗುಳ್ಳೆ ಒಡೆದು ಉಳಿದಿದ್ದೂ ಹೋಯ್ತು. ಇಲ್ಲಿ ಒಂದು ಸೂಕ್ಷ್ಮ ಇದೆ. ಜನ ಕಮ್ಮಿ ಆದ್ರೂ ಊರಿನ ವಿಸ್ತೀರ್ಣ ಕಮ್ಮಿ ಆಗಲ್ಲ. ಸುಮಾರು 360 ಚದರ ಕಿಲೋಮೀಟರ್ ಊರಿಗೆ ಪೈಪು, ರಸ್ತೆ, ಬೀದಿ ದೀಪ ಎಲ್ಲಾ ಹಂಗೇ ಇರ್ಬೇಕು, ತೆರಿಗೆ ಕಟ್ಟೋರು ಮಾತ್ರ ಮೂರರಲ್ಲಿ ಒಂದು ಪಾಲು. ಸೇವೆ ಕೆಡುತ್ತೆ, ಸೇವೆ ಕೆಟ್ಟಿದ್ದಕ್ಕೆ ಇನ್ನಷ್ಟು ಜನ ಹೋಗ್ತಾರೆ, ಅವ್ರು ಹೋಗಿದ್ದಕ್ಕೆ ಸೇವೆ ಇನ್ನೂ ಕೆಡುತ್ತೆ. 2013ರ ಜುಲೈಯಲ್ಲಿ ಊರು ಸುಮಾರು 1,800 ಕೋಟಿ ಡಾಲರ್ ಸಾಲ ತಲೆ ಮೇಲೆ ಹೊತ್ತುಕೊಂಡು ದಿವಾಳಿ ಅರ್ಜಿ ಹಾಕಿದಾಗ ನೂರಕ್ಕೆ ನಲವತ್ತು ಬೀದಿ ದೀಪ ಉರೀತಾನೇ ಇರ್ಲಿಲ್ಲ.

ನಮ್ಮಲ್ಲಿ ಇದಕ್ಕೆ ತೀರಾ ಹತ್ತಿರದ್ದು ಕೆಜಿಎಫ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ರು, ಊರು ಇದ್ದಲ್ಲೇ ಇದೆ, ಕಾಲೋನಿಗಳು ಇವೆ, ಆದ್ರೆ ಊರು ಇದ್ದಿದ್ದೇ ಯಾವ ಕೆಲಸಕ್ಕೋ ಆ ಕೆಲಸ ಇಲ್ಲ, ಬೆಳಗ್ಗೆ ಮಾರಿಕುಪ್ಪಂ ಟ್ರೇನ್ ಹಿಡಿದು ಬೆಂಗ್ಳೂರಿಗೆ ದುಡಿಯೋಕೆ ಬರೋ ಜನ ಇವತ್ತಿಗೂ ಇದ್ದಾರೆ.

ಇನ್ನು ಖಾಲಿ ಸೈಟು. ಹೆಸರಿಗೆ ಖಾಲಿ ಅಷ್ಟೇ. ಮನೆ ಕೆಡವಿದ ಮೇಲೆ ನೆಲಮಾಳಿಗೆಯ ಇಟ್ಟಿಗೆ, ಕಾಂಕ್ರೀಟ್ ಚೂರು ಎಷ್ಟೋ ಕಡೆ ಮಣ್ಣೊಳಗೇ ಇರುತ್ತೆ, ಹಳೇ ಪೇಂಟಿನ ಸೀಸ ಮಣ್ಣಿಗೆ ಸೇರಿರುತ್ತೆ, ಅದ್ರ ಮೇಲೆ ಎದೆಮಟ್ಟ ಹುಲ್ಲು, ಹುಲ್ಲಿನ ಮೇಲೆ ರಾತ್ರೋರಾತ್ರಿ ಯಾರೋ ತಂದು ಸುರಿದ ಟೈರು, ಹಾಸಿಗೆ, ಸೋಫಾ. ಓನರ್ ಯಾವುದೋ ಬೇರೆ ರಾಜ್ಯದಲ್ಲಿರ್ತಾನೆ, ಇಲ್ಲ ಸತ್ತಿರ್ತಾನೆ, ಇಲ್ಲ ಬ್ಯಾಂಕಾಗಿರುತ್ತೆ. ಪಕ್ಕದ ಮನೆಯವ್ರು ಸರಿಯಾಗಿ ತೆರಿಗೆ ಕಟ್ಕೊಂಡು ಬದುಕ್ತಾ ಇದ್ರೂ ಅವ್ರ ಮನೆ ಬೆಲೆನೂ ಇದ್ರ ಜೊತೆ ಮುಳುಗುತ್ತೆ.

ಈಗ ಟೈರೀ ಗೈಟನ್ ಅನ್ನೋ ಕಲಾವಿದನ ಕಥೆಗೆ ಬರೋಣ, ಯಾಕಂದ್ರೆ ಈ ವಿಷಯದಲ್ಲಿ ಆಗ್ಬಹುದಾದ ಒಳ್ಳೇದು ಕೆಟ್ಟದು ಎಲ್ಲಾ ಈ ಒಬ್ಬನ ಬೀದಿಯಲ್ಲೇ ಆಗಿದೆ. ಡೆಟ್ರಾಯ್ಟಿನ ಪೂರ್ವ ಭಾಗದ ಹೈಡೆಲ್‌ಬರ್ಗ್ ಸ್ಟ್ರೀಟ್ ಅವನು ಬೆಳೆದ ಬೀದಿ. ಸೈನ್ಯದಲ್ಲಿದ್ದ, ಅಗ್ನಿಶಾಮಕದಲ್ಲಿ ಕೆಲಸ ಮಾಡಿದ್ದ, ಆರ್ಟ್ ಕಾಲೇಜಿಗೂ ಹೋಗಿದ್ದ. 1986ರಲ್ಲಿ ತಾತ ಸ್ಯಾಮ್ ಮ್ಯಾಕಿ ಜೊತೆ ಸೇರ್ಕೊಂಡು ಪಕ್ಕದ ಖಾಲಿ ಸೈಟುಗಳನ್ನ ಗುಡಿಸೋಕೆ ಶುರು ಮಾಡ್ದ. ಗುಡಿಸಿದಾಗ ಸಿಕ್ಕಿದ್ದನ್ನ ಎಸೀಲಿಲ್ಲ. ಅದೇ ಕಸದಲ್ಲಿ ಕಲೆ ಮಾಡ್ದ. ಪಾಳು ಮನೆಯ ಗೋಡೆ ತುಂಬಾ ಬಣ್ಣ ಬಣ್ಣದ ಚುಕ್ಕಿ (ತಾತನಿಗೆ ಜೆಲ್ಲಿ ಬೀನ್ಸ್ ಮಿಠಾಯಿ ಇಷ್ಟ, ಆ ಬಣ್ಣದ ಗುಂಡುಗಳಿಂದ್ಲೇ ಈ ಐಡಿಯಾ ಅಂತ ಅವನೇ ಹೇಳಿದ್ದಾನೆ), ಇನ್ನೊಂದು ಮನೆಗೆ ಸೂರಿನ ತನಕ ಮೊಳೆ ಹೊಡೆದು ಅಂಟಿಸಿದ ಹಳೇ ಟೆಡ್ಡಿ ಬೇರ್‌ಗಳು, ಮರದ ತುಂಬಾ ಜೋತಾಡೋ ಶೂಗಳು, ಸೈಟಲ್ಲಿ ಸಾಲಾಗಿ ನಿಲ್ಸಿದ ವ್ಯಾಕ್ಯೂಮ್ ಕ್ಲೀನರ್‌ಗಳು. ಆ ಶೂ ಮರ ನೋಡೋಕೆ ತಮಾಷೆ ಅನ್ಸುತ್ತೆ, ಆದ್ರೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರನ್ನ ಮರಕ್ಕೆ ನೇಣು ಹಾಕ್ತಿದ್ದ ಕಾಲದ ಬಗ್ಗೆ ತಾತ ಹೇಳಿದ ಮಾತುಗಳಿಂದ ಅದು ಹುಟ್ಟಿದ್ದು.

ಬೀದಿ ಬದಲಾಯ್ತು. ಟೂರಿಸ್ಟ್ ಬಸ್ ಬರೋಕೆ ಶುರುವಾಯ್ತು, ಬೇರೆ ಬೇರೆ ದೇಶದವ್ರು ಬಂದ್ರು. ಹಂಗಂತ ಬೀದಿಯವ್ರೆಲ್ಲಾ ಖುಷಿಯಾಗಿದ್ರಾ ಅಂದ್ರೆ ಇಲ್ಲ. ನಮ್ಮ ಮನೆ ಮುಂದೆ ಕಸ ತಂದು ಗುಡ್ಡೆ ಹಾಕಿ ಅದಕ್ಕೆ ಕಲೆ ಅಂತ ಹೆಸರಿಟ್ಟವ್ರೆ, ಕಾರಲ್ಲಿ ಬಂದು ನಮ್ಮನ್ನ ಮೃಗಾಲಯ ನೋಡ್ದಂಗೆ ನೋಡ್ಕೊಂಡು ಹೋಗ್ತಾರೆ ಅನ್ನೋ ಥರದ ದೂರು ಕೆಲವು ನೆರೆಹೊರೆಯವ್ರದ್ದು. ಅದ್ರಲ್ಲಿ ತಪ್ಪೇನಿದೆ ಹೇಳಿ. ಅಲ್ಲಿ ಸಂಸಾರ ಮಾಡೋರು ಅವ್ರು, ಫೋಟೋ ತೆಗೆಯೋರು ಬೇರೆಯವ್ರು.

1991ರಲ್ಲಿ ಮೇಯರ್ ಕೋಲ್ಮನ್ ಯಂಗ್ ಆಡಳಿತ ಬುಲ್ಡೋಜರ್ ಕಳ್ಸಿ ಕೆಲವು ಮನೆಗಳನ್ನ ಕೆಡವ್ತು. ಗೈಟನ್ ಮತ್ತೆ ಕಟ್ಟಿದ. 1999ರಲ್ಲಿ ಇನ್ನೊಬ್ಬ ಮೇಯರ್ ಡೆನಿಸ್ ಆರ್ಚರ್ ಕಾಲದಲ್ಲಿ, ಕೋರ್ಟಿನ ತಡೆಯಾಜ್ಞೆ ತೆರವಾದ ಕೂಡ್ಲೇ, ಮತ್ತೆ ಕೆಡವಿದ್ರು. ಕಾರಣ ಏನು ಗೊತ್ತಾ? ಕಲೆ ಚೆನ್ನಾಗಿದ್ಯೋ ಇಲ್ವೋ ಅನ್ನೋ ಜಗಳ ಒಂದು ಕಡೆ ಇರ್ಲಿ, ಕಾಗದದ ಮೇಲೆ ಅಲ್ಲಿನ ಎಷ್ಟೋ ಸೈಟುಗಳು ಊರಿನ ಆಡಳಿತದ್ದು. ಗುಡಿಸಿದ್ದು ಅವನು, ಕಾದಿದ್ದು ಅವನು, ಖಾತೆ ಅವ್ರ ಹೆಸರಲ್ಲಿ. ಅಷ್ಟೇ ಸಾಕಾಗಿತ್ತು. ಆಮೇಲೆ 2013ರ ಮೇ ತಿಂಗಳಿಂದ ಯಾರೋ ಬೆಂಕಿ ಇಡೋಕೆ ಶುರು ಮಾಡಿದ್ರು, ಒಂದರ ಹಿಂದೆ ಒಂದು, ಒಂದೂವರೆ ವರ್ಷದಲ್ಲಿ ಡಜನ್ ಹತ್ತಿರ. ಒಂದೊಂದಾಗಿ ಮನೆಗಳು ಸುಟ್ಟು ಹೋದ್ವು. 2016ರಲ್ಲಿ ಗೈಟನೇ ಇನ್ನು ಇದನ್ನ ನಿಧಾನಕ್ಕೆ ಬಿಚ್ಚಿಡ್ತೀನಿ ಅಂತ ಘೋಷಣೆ ಮಾಡ್ದ. ಮೂವತ್ತು ವರ್ಷ! ಒಬ್ಬ ಮನುಷ್ಯ ಮೂವತ್ತು ವರ್ಷ ಒಂದು ಬೀದಿ ಕಾದಿದ್ದಾನೆ, ಅಂಥಾದ್ದನ್ನ ಯೋಜನೆ ಅಂತ ಬರೆದು ಬೇರೆ ಊರಲ್ಲಿ ಕಾಪಿ ಹೊಡೀತೀವಿ ಅಂದ್ರೆ ಆಗುತ್ತಾ, ಬಣ್ಣ ಕೊಂಡ್ಕೋಬಹುದು, ಗೈಟನ್‌ನ ಎಲ್ಲಿಂದ ತರ್ತೀರಿ.

ಕಲೆಯನ್ನ ತೀರಾ ಉಲ್ಟಾ ರೀತಿ ಬಳಸಿದ ಉದಾಹರಣೆನೂ ಇದೇ ಊರಲ್ಲಿದೆ. 2006ರ ಸುಮಾರಿಗೆ ಕೆಲವು ಕಲಾವಿದರು ರಾತ್ರಿ ಹೊತ್ತು ಹೋಗಿ ಪಾಳು ಮನೆಗಳನ್ನ ಪೂರ್ತಿ, ಅಂದ್ರೆ ಗೋಡೆ ಕಿಟಕಿ ಸೂರು ಎಲ್ಲಾ ಸೇರಿಸಿ, ಕಣ್ಣು ಕುಕ್ಕೋ ಕಿತ್ತಳೆ ಬಣ್ಣ ಬಳಿದ್ರು. ಅಂಗಡಿಯಲ್ಲಿ ಸಿಗೋ ಡಿಸ್ನಿ ಪೇಂಟು, ಟಿಗ್ಗರಿಫಿಕ್ ಆರೆಂಜ್ ಅಂತ ಹೆಸರು. ಹೈವೇಯಲ್ಲಿ ಹೋಗೋರು ದಿನಾ ನೋಡಿ ನೋಡಿ ಕಣ್ಣಿಗೇ ಬೀಳದಂಗಾಗಿದ್ದ ಮನೆಗಳು ಒಂದೇ ದಿನದಲ್ಲಿ ಎದ್ದು ಕಂಡ್ವು, ಕೆಲವನ್ನ ಆಡಳಿತದವ್ರು ಬೇಗನೇ ಕೆಡವಿದ್ರು. ಒಬ್ಬ ಉಳಿಸೋಕೆ ಬಣ್ಣ ಹಚ್ದ, ಇವ್ರು ಬೀಳ್ಸೋಕೆ ಹಚ್ಚಿದ್ರು.

ಮುಖ ತೋರಿಸದ ಬ್ರಿಟಿಷ್ ಬೀದಿ ಕಲಾವಿದ ಬ್ಯಾಂಕ್ಸಿಯ ಪ್ರಸಂಗ ಇನ್ನೂ ಮಜವಾಗಿದೆ. ಪ್ಯಾಕರ್ಡ್ ಅಂತ ಒಂದು ಕಾಲದ ದೊಡ್ಡ ಕಾರ್ ಕಂಪನಿ, ಅದರ ಫ್ಯಾಕ್ಟರಿ ದಶಕಗಳಿಂದ ಡೆಟ್ರಾಯ್ಟಲ್ಲಿ ಪಾಳು ಬಿದ್ದಿತ್ತು. 2010ರಲ್ಲಿ ಬ್ಯಾಂಕ್ಸಿ ಬಂದು ಅದರ ಒಂದು ಮುರುಕು ಗೋಡೆ ಮೇಲೆ, ಕೈಯಲ್ಲಿ ಪೇಂಟ್ ಡಬ್ಬ ಹಿಡಿದ ಹುಡುಗನ ಚಿತ್ರ ಬರೆದ, ಪಕ್ಕದಲ್ಲಿ ಇಲ್ಲೆಲ್ಲಾ ಮರಗಳಿದ್ದ ಕಾಲ ನಂಗೆ ನೆನಪಿದೆ ಅನ್ನೋ ಅರ್ಥದ ಸಾಲು. ಸ್ಥಳೀಯ ಗ್ಯಾಲರಿ ಒಂದ್ರವ್ರು ಯಾರಾದ್ರೂ ಹಾಳು ಮಾಡ್ತಾರೆ, ಉಳಿಸ್ತೀವಿ ಅಂತ ಗೋಡೆನೇ ಕೊಯ್ದು ಸಾಗಿಸ್ಕೊಂಡು ಹೋದ್ರು. ಅಲ್ಲಿತನಕ ಆ ಫ್ಯಾಕ್ಟರಿ ಕಡೆ ಯಾರೂ ತಿರುಗಿ ನೋಡ್ತಿರ್ಲಿಲ್ಲ, ಗೋಡೆಗೆ ಬೆಲೆ ಬಂತು ಅಂದ ತಕ್ಷಣ ಗೋಡೆ ನಮ್ದು ಅಂತ ಓನರ್ ಕಡೆಯವ್ರು ಕೋರ್ಟಿಗೆ ಬಂದ್ರು! ಕೊನೇಗೆ ರಾಜಿ ಆಯ್ತು, 2015ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಲ್ಲಿ ಅದು 1,37,500 ಡಾಲರಿಗೆ ಹೋಯ್ತು. ಗೋಡೆ ಹೋಯ್ತು, ಪಾಳು ಫ್ಯಾಕ್ಟರಿ ಆಮೇಲೂ ಎಷ್ಟೋ ವರ್ಷ ಪಾಳಾಗೇ ಉಳೀತು.

ಹಂಗಾದ್ರೆ ಗೋಡೆ ಮೇಲಿನ ಚಿತ್ರದಿಂದ ಏನೂ ಆಗಲ್ವಾ? ಆಗುತ್ತೆ, ಅದಕ್ಕೆ ಅಮೆರಿಕದ್ದೇ ಇನ್ನೊಂದು ಊರು ಫಿಲಡೆಲ್ಫಿಯಾ ನೋಡ್ಬೇಕು. ಅಲ್ಲಿ ಮನೆಗಳು ನಮ್ಮ ಹಳೇ ಪೇಟೆ ಬೀದಿಗಳ ಮನೆ ಥರ ಗೋಡೆಗೆ ಗೋಡೆ ಅಂಟ್ಕೊಂಡು ಸಾಲಾಗಿರೋದು. ಮಧ್ಯದಲ್ಲಿ ಒಂದು ಮನೆ ಕೆಡವಿದ್ರೆ ಅಲ್ಲೊಂದು ಕಿರಿದಾದ ಖಾಲಿ ಸೈಟು, ಅದರ ಪಕ್ಕದಲ್ಲಿ ಉಳಿದ ಮನೆಯ ಎತ್ತರದ ಬೋಳು ಗೋಡೆ, ಬಾಗ್ಲು ಕಿಟಕಿ ಏನೂ ಇಲ್ದೇ ಇರೋದು. ಚಿತ್ರ ಬರೆಯೋಕೆ ಹೇಳಿ ಮಾಡಿಸಿದಂಗೆ. 1984ರಲ್ಲಿ ಮೇಯರ್ ವಿಲ್ಸನ್ ಗೂಡ್ ಗೋಡೆ ಗೀಚೋ ಹುಡುಗರನ್ನ ತಡೆಯೋಕೆ ಒಂದು ಕಾರ್ಯಕ್ರಮ ಶುರು ಮಾಡಿದ್ರು, ಜೇನ್ ಗೋಲ್ಡನ್ ಅನ್ನೋ ಕಲಾವಿದೆ ಆ ಗೀಚೋ ಹುಡುಗರ ಕೈಗೇ ಬ್ರಷ್ ಕೊಟ್ರು, ಅದೇ ಮುಂದೆ ಮ್ಯೂರಲ್ ಆರ್ಟ್ಸ್ ಅನ್ನೋ ದೊಡ್ಡ ಸಂಸ್ಥೆ ಆಯ್ತು, ಇಲ್ಲಿತನಕ ಮಾಡಿದ ಮ್ಯೂರಲ್‌ಗಳು ಸಾವಿರಗಟ್ಟಲೆ. ಮಾಡೋ ಕ್ರಮ ಕೇಳಿ. ಈಗ ಎಷ್ಟೋ ಚಿತ್ರಗಳನ್ನ ನೇರ ಗೋಡೆ ಮೇಲೆ ಬರೆಯಲ್ಲ, ಪ್ಯಾರಾಶೂಟ್ ಬಟ್ಟೆ ಅಂತ ಅವ್ರು ಕರೆಯೋ ತೆಳು ಬಟ್ಟೆಯ ತುಂಡುಗಳ ಮೇಲೆ ಗೆರೆ ಹಾಕಿ, ಯಾವ ಜಾಗಕ್ಕೆ ಯಾವ ಬಣ್ಣ ಅಂತ ನಂಬರ್ ಕೊಟ್ಟು, ಶಾಲೆಗಳಿಗೆ, ಜೈಲಿಗೆ, ಬೀದಿಯ ಕಮ್ಯುನಿಟಿ ಹಾಲಿಗೆ ಕಳಿಸ್ತಾರೆ, ಏಣಿ ಹತ್ತೋಕಾಗದ ಅಜ್ಜಿನೂ ಕೂತಲ್ಲೇ ಬಣ್ಣ ತುಂಬ್ಬಹುದು, ಜೈಲಿನೊಳಗಿರೋನೂ ತನ್ನ ಊರಿನ ಗೋಡೆಗೆ ಕೈ ಹಾಕ್ಬಹುದು, ಆಮೇಲೆ ಎಲ್ಲಾ ತುಂಡು ತಂದು ಅಂಟಿನ ಜೆಲ್ ಬಳಿದು ಗೋಡೆಗೆ ಮೆತ್ತೋದು. ಅಂದ್ರೆ ಗೋಡೆ ಮುಗಿಯೋ ಹೊತ್ತಿಗೆ ಬೀದಿಯಲ್ಲಿ ಎಷ್ಟೋ ಜನಕ್ಕೆ ಅದು ನಾನು ಬಳಿದ ನೀಲಿ ಅಂತ ಹೇಳ್ಕೊಳ್ಳೋಕೆ ಏನೋ ಒಂದಿರುತ್ತೆ. ಪಾಳು ಸೈಟಿನ ಪಕ್ಕ ಇದ್ರಿಂದ ಆಗೋ ಲಾಭ ಚಿತ್ರಕ್ಕಿಂತ ದೊಡ್ಡದು.

ಅದೇ ಊರಲ್ಲಿ ಖಾಲಿ ಸೈಟಿನ ಮೇಲೆ ಒಂದು ಪಕ್ಕಾ ವೈಜ್ಞಾನಿಕ ಪರೀಕ್ಷೆನೂ ಆಗಿದೆ, ಔಷಧಿ ಟೆಸ್ಟ್ ಮಾಡೋ ಥರನೇ. 541 ಖಾಲಿ ಸೈಟುಗಳನ್ನ ಚೀಟಿ ಎತ್ತಿದಂಗೆ ಮೂರು ಗುಂಪು ಮಾಡಿದ್ರು. ಒಂದು ಗುಂಪಿನ ಸೈಟುಗಳಲ್ಲಿ ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಬೆಳ್ಸಿ, ನಾಲ್ಕು ಮರ ನೆಟ್ಟು, ಸುತ್ತ ತಗ್ಗಾದ ಮರದ ಬೇಲಿ ಹಾಕಿದ್ರು. ಎರಡನೇದ್ರಲ್ಲಿ ಬರೀ ಕಸ ತೆಗೆದ್ರು. ಮೂರನೇದನ್ನ ಮುಟ್ಲೇ ಇಲ್ಲ. 2018ರಲ್ಲಿ ಪ್ರಕಟವಾದ ಫಲಿತಾಂಶ ಹೇಳೋದು, ಹುಲ್ಲು ಬೆಳೆಸಿದ ಸೈಟಿನ ಹತ್ತಿರ ಇರೋರಲ್ಲಿ ಖಿನ್ನತೆ ಅನ್ಸುತ್ತೆ ಅನ್ನೋರ ಪ್ರಮಾಣ, ಏನೂ ಮಾಡ್ದೇ ಬಿಟ್ಟ ಸೈಟಿನ ಹತ್ತಿರದವ್ರಿಗೆ ಹೋಲಿಸಿದ್ರೆ, 41.5 ಪರ್ಸೆಂಟ್ ಕಮ್ಮಿ ಆಯ್ತು, ಬರೀ ಕಸ ತೆಗೆದಲ್ಲಿ ಅಂಥ ಬದಲಾವಣೆ ಕಾಣ್ಲಿಲ್ಲ. ಸೈಟು ಸರಿಪಡಿಸಿದ ಬಡ ಏರಿಯಾಗಳಲ್ಲಿ ಬಂದೂಕಿನ ಅಪರಾಧ 29 ಪರ್ಸೆಂಟ್ ಇಳೀತು. ಖರ್ಚು ಸೈಟಿಗೆ ಸುಮಾರು 1,600 ಡಾಲರ್, ಅಮೆರಿಕದ ಲೆಕ್ಕದಲ್ಲಿ ಏನೂ ಅಲ್ಲ.

ಇದ್ರಲ್ಲಿ ಕಲೆ ಎಲ್ಲಿದೆ ಅಂತ ಕೇಳ್ಬಹುದು. ನಂಗೆ ಆ ಬೇಲಿನೇ ಇಡೀ ವಿಷಯದ ಬೀಗದ ಕೈ ಅನ್ಸುತ್ತೆ. ಆ ಬೇಲಿ ದಾಟೋಕೆ ಮಗುಗೂ ಕಷ್ಟ ಇಲ್ಲ, ಒಳಗೆ ಹೋಗೋಕೆ ಜಾಗನೂ ಬಿಟ್ಟಿರ್ತಾರೆ, ಅದು ತಡೆಯೋದು ಕಾರು ತಂದು ಕಸ ಸುರಿಯೋರನ್ನ ಮಾತ್ರ. ಉಳಿದಂತೆ ಅದು ಹೇಳೋದು ಇದನ್ನ ನೋಡ್ಕೊಳ್ಳೋರು ಒಬ್ರು ಇದ್ದಾರೆ ಅಂತ. ಗೈಟನ್ ಹಾಕಿದ ಚುಕ್ಕಿನೂ ಅದೇ ಮಾತು ಹೇಳ್ತಿತ್ತು, ಜೋರಾಗಿ ಹೇಳ್ತಿತ್ತು ಅಷ್ಟೇ. ಪಬ್ಲಿಕ್ ಆರ್ಟ್ ಖಾಲಿ ಸೈಟಲ್ಲಿ ಮಾಡೋ ಮೊದಲ ಕೆಲಸ ಸೌಂದರ್ಯ ಅಲ್ಲ, ಯಜಮಾನಿಕೆ ತೋರ್ಸೋದು. ಆದ್ರೆ ಆ ಮಾತು ನಿಜ ಆಗಿರ್ಬೇಕು. ಉದ್ಘಾಟನೆಗೆ ಮೇಯರ್ ಬಂದು ಹೋಗಿ ಎರಡು ಮಳೆಗಾಲ ಕಳೆದು ಬಣ್ಣ ಸುಲಿದು ಹುಲ್ಲು ಮತ್ತೆ ಎದೆಮಟ್ಟ ಬಂತು ಅಂದ್ರೆ, ಏನೂ ಮಾಡ್ದೇ ಬಿಟ್ಟಿದ್ದಕ್ಕಿಂತ ಅದು ಕೆಟ್ಟದಾಗಿ ಕಾಣುತ್ತೆ, ಪ್ರಯತ್ನ ಮಾಡಿನೂ ಕೈಬಿಟ್ರು ಅಂತ. ಗ್ರಾಂಟ್ ಕೊಡೋರು ಹೊಸಾ ಗೋಡೆಗೆ ದುಡ್ಡು ಕೊಡ್ತಾರೆ, ಹುಲ್ಲು ಕುಯ್ಯೋಕೆ ಕೊಡಲ್ಲ, ಇದು ಎಲ್ಲಾ ದೇಶದ ಕಾಯಿಲೆ.

ಈಗ ಜರ್ಮನಿಯ ಲೈಪ್‌ಜಿಗ್. ಆಗಿನ ಪೂರ್ವ ಜರ್ಮನಿಯಲ್ಲಿದ್ದ, ಬರ್ಲಿನ್ ಗೋಡೆ ಬಿದ್ದ 1989ರಲ್ಲಿ ಸುಮಾರು 5 ಲಕ್ಷ 30 ಸಾವಿರ ಜನ ಇದ್ದ ಊರು 1998ಕ್ಕೆ 4 ಲಕ್ಷ 37 ಸಾವಿರಕ್ಕೆ ಇಳೀತು, ಫ್ಯಾಕ್ಟರಿ ಮುಚ್ಚಿ ಜನ ಪಶ್ಚಿಮಕ್ಕೆ ಹೋದ್ರು, 2000ದ ಸುಮಾರಿಗೆ 60 ಸಾವಿರದಷ್ಟು ಫ್ಲ್ಯಾಟ್ ಖಾಲಿ. ಅಲ್ಲಿಯವ್ರು ಓಡ್ಸಿದ ತಲೆ ನೋಡಿ, ಮೊದ್ಲು ಕಾಗದ, ಆಮೇಲೆ ಬಣ್ಣ. ಖಾಲಿ ಸೈಟಿನ ಓನರ್ ಜೊತೆ ಒಂದು ಕರಾರು: ಸೈಟು ನಿಮ್ದೇ, ಮುಂದೆ ಕಟ್ಟೋ ಹಕ್ಕೂ ನಿಮ್ದೇ, ಕೆಲವು ವರ್ಷ ಸಾರ್ವಜನಿಕರು ಬಳಸೋಕೆ ಬಿಡಿ, ಅಷ್ಟು ವರ್ಷ ಭೂಮಿ ತೆರಿಗೆ ಮಾಫಿ. ಓನರಿಗೆ ನಷ್ಟ ಇಲ್ಲ, ಬೀದಿಗೆ ಪಾರ್ಕು, ಕಲೆಗೆ ಜಾಗ. ಕಟ್ಟಡಗಳಿಗೂ ಇದೇ ಥರ. 2004ರಲ್ಲಿ ಹೌಸ್‌ಹಾಲ್ಟನ್ ಅಂತ ಒಂದು ಸಂಘ ಹುಟ್ಕೊಳ್ತು, ಅವ್ರು ಶುರು ಮಾಡಿದ್ದಕ್ಕೆ ಕಾವಲು ಮನೆ ಅಂತ ಹೆಸರು. ಕಲಾವಿದರು, ಸಣ್ಣ ಸಂಘಗಳು ಪಾಳು ಕಟ್ಟಡದಲ್ಲಿ ಬಾಡಿಗೆ ಇಲ್ದೇ ಐದು ವರ್ಷದ ಮಟ್ಟಿಗೆ ಇರೋದು, ನೀರು ಕರೆಂಟಿನ ಖರ್ಚು ಮಾತ್ರ ಅವ್ರದ್ದು. ಪ್ರತಿಯಾಗಿ ಅವ್ರು ಅಲ್ಲಿರೋದೇ ಉಪಕಾರ. ಸೂರು ಸೋರಿದ್ರೆ ಅದೇ ದಿನ ಗೊತ್ತಾಗುತ್ತೆ, ಪೈಪ್ ಒಡೆದ್ರೆ ಯಾರೋ ವಾಲ್ವ್ ತಿರುಗಿಸ್ತಾರೆ. ನೂರು ವರ್ಷದ ಕಟ್ಟಡಗಳು ಬೀಳ್ದೇ ನಿಂತ್ವು.

ಆಮೇಲೆ ಲೈಪ್‌ಜಿಗ್ ಮತ್ತೆ ಬೆಳೀತು, ಈಗ ಆರು ಲಕ್ಷ ದಾಟಿದೆ. ಕಲೆಯಿಂದ್ಲೇ ಬೆಳೀತು ಅಂತ ಹೇಳೋರಿದ್ದಾರೆ, ನಾನು ಒಪ್ಪಲ್ಲ, ಬಿಎಂಡಬ್ಲ್ಯೂ ಮತ್ತೆ ಪೋರ್ಷ ಫ್ಯಾಕ್ಟರಿ ಬಂದಿದ್ದು, ಯೂನಿವರ್ಸಿಟಿ ಇದ್ದಿದ್ದು ಇವೆಲ್ಲಾ ಸಣ್ಣ ವಿಷಯ ಅಲ್ಲ. ಊರು ಬೆಳೆದ ಮೇಲೆ ಕರಾರು ಮುಗೀತು, ಬಾಡಿಗೆ ಏರ್ತು, ಅಗ್ಗದ ಜಾಗ ಅಂತ ಬಂದಿದ್ದ ಎಷ್ಟೋ ಜನ ಗಂಟು ಮೂಟೆ ಕಟ್ಬೇಕಾಯ್ತು. ಕರಾರಲ್ಲಿ ಮೋಸ ಏನಿಲ್ಲ, ತಾತ್ಕಾಲಿಕ ಅಂತ ಮೊದ್ಲೇ ಬರೆದಿತ್ತು. ತಾತ್ಕಾಲಿಕ ಜಾಗ ಬೇಡ ಅಂತ ಕೆಲವು ಗುಂಪುಗಳು ಕೂಡಿ ಕಟ್ಟಡವನ್ನೇ ಕೊಂಡುಕೊಂಡ್ವು, ಜರ್ಮನಿಯಲ್ಲಿ ಇದಕ್ಕೇ ಒಂದು ಒಕ್ಕೂಟ ಇದೆ, ಅದರ ಉಪಾಯ ಸಿಂಪಲ್: ಮನೆ ಇರೋ ಕಂಪನಿಯಲ್ಲಿ ವಾಸ ಇರೋರ ಸಂಘ ಒಂದು ಪಾಲುದಾರ, ಒಕ್ಕೂಟ ಇನ್ನೊಂದು, ಇಬ್ರೂ ಒಪ್ಪದೇ ಮಾರೋಕಾಗಲ್ಲ, ಒಕ್ಕೂಟ ಯಾವತ್ತೂ ಒಪ್ಪಲ್ಲ.

ಇಂಗ್ಲೆಂಡಿನ ಲಿವರ್‌ಪೂಲಲ್ಲಿ ಆಗಿದ್ದು ಇದಕ್ಕಿಂತ ಪೂರ್ಣವಾದ ಕಥೆ. ಬಂದರು ಊರು, 1930ರ ದಶಕದಲ್ಲಿ ಎಂಟೂವರೆ ಲಕ್ಷದ ಹತ್ತಿರ ಜನ ಇದ್ದಿದ್ದು 2001ಕ್ಕೆ ನಾಲ್ಕೂವರೆ ಲಕ್ಷಕ್ಕೂ ಕಮ್ಮಿ. ಗ್ರ್ಯಾನ್‌ಬಿ ಅನ್ನೋ ಏರಿಯಾ 1981ರ ಟಾಕ್ಸ್‌ಟೆತ್ ಗಲಭೆ ಆದ ಜಾಗ, ಆಮೇಲೆ ಒಂದೊಂದೇ ಬೀದಿ ಕೆಡವ್ತಾ ಬಂದ್ರು, ಉಳಿದಿದ್ದು ನಾಲ್ಕು ಬೀದಿ, ಅದ್ರಲ್ಲೂ ಹೆಚ್ಚಿನ ಮನೆಗಳಿಗೆ ಹಲಗೆ ಹೊಡೆದಿತ್ತು. ಹೋಗ್ದೇ ಉಳಿದಿದ್ದ ಕೆಲವು ಹೆಂಗಸರು ಯಾರ ಪರ್ಮಿಷನ್ನೂ ಕೇಳ್ದೇ ಆ ಹಲಗೆಗಳ ಮೇಲೆ ಕಿಟಕಿ ಪರದೆ, ಹೂವಿನ ಕುಂಡದ ಚಿತ್ರ ಬರೆದ್ರು, ನಿಜವಾದ ಕುಂಡಗಳನ್ನೂ ಫುಟ್‌ಪಾತ್ ಮೇಲಿಟ್ರು, ತಿಂಗಳಿಗೊಂದು ಬೀದಿ ಸಂತೆ ಹೂಡಿದ್ರು. ಅಷ್ಟಕ್ಕೇ ನಿಂತಿದ್ರೆ ಇದೂ ಒಂದು ಫೋಟೋ ಆಗಿ ಮುಗೀತಿತ್ತು. ಅವ್ರು 2011ರಲ್ಲಿ ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್ ಮಾಡಿದ್ರು, ಅಂದ್ರೆ ನೆಲ ಒಂದು ಟ್ರಸ್ಟಿನ ಹೆಸರಲ್ಲಿ, ಟ್ರಸ್ಟ್ ಬೀದಿಯವ್ರ ಕೈಯಲ್ಲಿ. ಕೌನ್ಸಿಲ್ಲಿನಿಂದ ಹತ್ತು ಪಾಳು ಮನೆ ಟ್ರಸ್ಟಿಗೆ ಬಂತು. ಅಸೆಂಬಲ್ ಅನ್ನೋ ಚಿಕ್ಕ ವಯಸ್ಸಿನ ಆರ್ಕಿಟೆಕ್ಟ್‌ಗಳ ಗುಂಪು ಜೊತೆ ಸೇರ್ತು, ಕೆಡವಿದ ಮನೆಗಳ ಇಟ್ಟಿಗೆ ಕಲ್ಲಿನ ಚೂರನ್ನೇ ಸಿಮೆಂಟಲ್ಲಿ ಕಲಸಿ ಎರಕ ಹೊಯ್ದು ಪಾಲಿಶ್ ಮಾಡಿ ಬೆಂಕಿಗೂಡಿನ ಚೌಕಟ್ಟು ಮಾಡಿದ್ರು, ಟೈಲು, ಬಾಗಿಲ ಹಿಡಿ ಎಲ್ಲಾ ಮಾಡಿ ಮಾರೋಕೆ ಅಲ್ಲೇ ಒಂದು ವರ್ಕ್‌ಶಾಪ್ ತೆಗೆದ್ರು. 2015ರಲ್ಲಿ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿ ಟರ್ನರ್ ಪ್ರೈಜ್ ಇದಕ್ಕೇ ಬಂತು, ಇದು ಕಲೆನಾ ಮನೆ ರಿಪೇರಿನಾ ಅಂತ ಪೇಪರುಗಳಲ್ಲಿ ದೊಡ್ಡ ಗಲಾಟೆನೂ ಆಯ್ತು. ಆ ಜಗಳ ನಂಗೆ ಅಷ್ಟು ಮುಖ್ಯ ಅನ್ಸಲ್ಲ. ಹತ್ತರಲ್ಲಿ ಐದು ಮನೆ ಬಾಡಿಗೆಗೆ ಇಟ್ರು, ಐದು ಮಾರಿದ್ರು, ಮಾರಿದ್ದಕ್ಕೂ ಕರಾರು ಹಾಕಿದ್ರು, ಮುಂದೆ ಯಾವಾಗ ಮಾರಿದ್ರೂ ಬೆಲೆ ಅಲ್ಲಿನ ಜನರ ಸಂಬಳದ ಲೆಕ್ಕಕ್ಕೆ ತಕ್ಕಂತೆ ಇರ್ಬೇಕು ಅಂತ. ಪ್ರಶಸ್ತಿ ಬಂದು ಏರಿಯಾ ಫೇಮಸ್ ಆದ್ಮೇಲೂ ಆ ಮಾರಿದ ಮನೆಗಳು ರಿಯಲ್ ಎಸ್ಟೇಟಿನವ್ರ ಕೈಗೆ ಸಿಗದಂಗೆ ಮಾಡಿದ್ದು ಕರಾರಿನ ಆ ಸಾಲು.

ಡೆಟ್ರಾಯ್ಟ್ ಕೂಡ ತಡವಾಗಿ ಇದೇ ದಾರಿಗೆ ಬಂದಿದೆ. ಲ್ಯಾಂಡ್ ಬ್ಯಾಂಕ್ ಅಂತ ಒಂದು ಸರ್ಕಾರಿ ಸಂಸ್ಥೆ ವಾರಸುದಾರರಿಲ್ಲದ ಸೈಟುಗಳನ್ನೆಲ್ಲಾ ತನ್ನ ಹೆಸರಿಗೆ ಮಾಡ್ಕೊಂಡು, ಪಕ್ಕದ ಮನೆಯ ಓನರುಗಳಿಗೆ 100 ಡಾಲರಿಗೆ ಕೊಡೋಕೆ ಶುರು ಮಾಡ್ತು, ಸಾವಿರಾರು ಸೈಟು ಹಂಗೆ ಹೋಗಿವೆ. ಕೊಂಡವ್ರು ಹೆಚ್ಚಿನೋರು ಮಾಡೋದು ಹುಲ್ಲು ಕುಯ್ದು ಬೇಲಿ ಹಾಕೋದು, ತರಕಾರಿ ಬೆಳೆಯೋದು, ಯಾರೋ ಒಬ್ರು ಇಬ್ರು ಹಳೇ ಸೈಕಲ್ ಚಕ್ರ ಪೇರಿಸಿ ಏನಾದ್ರೂ ನಿಲ್ಲಿಸ್ತಾರೆ. ಕೆಡವೋಕೆ ಬುಲ್ಡೋಜರ್ ಬರಲ್ಲ, ಖಾತೆ ಅವ್ರದ್ದೇ ಅಲ್ವಾ.